ಅಖಾಡ ಅದೇ ಇರಲಿ, ಬಾಗಿಲು ಅಗಲವಾಗಲಿ

ಹಳೆಯದನ್ನು ಹೊಸದಾಗಿಸುವಾಗ ಯಾವುದನ್ನು ಬದಲಿಸಬೇಕು, ಯಾವುದಕ್ಕೆ ಕೈ ಹಚ್ಚಬಾರದು? ಗುಡಿಯ ಜೀರ್ಣೋದ್ಧಾರ ಮಾಡುವವರಿಗೆ, ಪಠ್ಯಪುಸ್ತಕ ಪರಿಷ್ಕರಿಸುವವರಿಗೆ, ಅಜ್ಜನ ಕಾಲದ ಮನೆಯನ್ನು ದುರಸ್ತಿ ಮಾಡಿಸುವವರಿಗೆ, ಎಲ್ಲರಿಗೂ ಎದುರಾಗುವ ಪ್ರಶ್ನೆ ಇದು. ಬಿ.ಇ. ಓದುತ್ತಿರುವ ನನಗೆ ಇದಕ್ಕೆ ಒಳ್ಳೆಯ ಉತ್ತರ ಕಂಡದ್ದು ಒಂದು ಹಳೆಯ ಹೊಡೆದಾಟದ ವಿಡಿಯೊ ಗೇಮ್‌ನ ಹೊಸ ಆವೃತ್ತಿಯಲ್ಲಿ. ಗೇಮ್ ಎಂದ ಕೂಡಲೇ ‘ಈ ಹುಡುಗರಿಗೆ ಬೇರೆ ಕೆಲಸ ಇಲ್ಲ’ ಎಂದು ಪುಟ ತಿರುವಬೇಡಿ. ಈ ಮಾತು ಕೊನೆಗೆ ಬಂದು ನಿಲ್ಲುವುದು ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹುಡುಗ, ಹುಡುಗಿಯರ ಹತ್ತಿರವೇ.

ಮತ್ತೆ ಮತ್ತೆ ತಿದ್ದಿದ ಆಟ

ಜಪಾನಿನ ಕ್ಯಾಪ್‌ಕಾಮ್ ಕಂಪನಿ 1991ರಲ್ಲಿ ‘ಸ್ಟ್ರೀಟ್ ಫೈಟರ್ 2’ ಎಂಬ ಆಟವನ್ನು ಹೊರತಂದಿತು. ನಿಯಮ ಬಹಳ ಸರಳ. ಚಪ್ಪಟೆ ಪರದೆಯ ಮೇಲೆ ಇಬ್ಬರು ಎದುರುಬದುರು ನಿಲ್ಲುತ್ತಾರೆ. ಹಿಂದೆ ಮುಂದೆ ಸರಿಯಬಹುದು, ಜಿಗಿಯಬಹುದು, ಕೂರಬಹುದು. ಹೊಡೆಯಲು ಮೂರು ಗುಂಡಿ, ಒದೆಯಲು ಮೂರು ಗುಂಡಿ. ಮೂರರಲ್ಲಿ ಎರಡು ಸುತ್ತು ಗೆದ್ದವರು ಗೆದ್ದಂತೆ. ನಮ್ಮ ಕಡೆಯ ಜಾತ್ರೆಯ ಕುಸ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ.

ಆಟ ಜಗತ್ತಿನ ತುಂಬ ಹಬ್ಬಿತು. ಕಂಪನಿ ಅಲ್ಲಿಗೇ ಬಿಡಲಿಲ್ಲ. 1992ರಲ್ಲಿ ಎರಡು ಬಾರಿ, 1993ರಲ್ಲಿ ಒಂದು ಬಾರಿ, 1994ರಲ್ಲಿ ಮತ್ತೊಂದು ಬಾರಿ ತಿದ್ದಿ ಬಿಡುಗಡೆ ಮಾಡಿತು. 1994ರದ್ದಕ್ಕೆ ‘ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊ’ ಎಂದು ಹೆಸರು. ಪಳಗಿದ ಆಟಗಾರರು ಇವತ್ತಿಗೂ ಆಡುವುದು ಇದನ್ನೇ. ಹದಿನಾಲ್ಕು ವರ್ಷಗಳ ನಂತರ, 2008ರ ನವೆಂಬರ್‌ನಲ್ಲಿ, ಅದೇ ಆಟ ‘ಎಚ್‌ಡಿ ರೀಮಿಕ್ಸ್’ ಎಂಬ ಬಾಲ ಹಚ್ಚಿಕೊಂಡು ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ಕ್ಕೆ ಬಂತು. ನಾನು ಹೇಳಹೊರಟಿರುವುದು ಈ ಆವೃತ್ತಿಯ ಬಗ್ಗೆ.

ವಿಜಯಪುರದ ನಮ್ಮ ಹಾಸ್ಟೆಲ್ ಕೋಣೆಯಲ್ಲಿ ಆ ನಾಲ್ಕೂ ತಾಲ್ಲೂಕಿನವರು ಇದ್ದೇವೆ; ನಾನು ಸಿಂದಗಿ ಕಡೆಯವನು. ನಾಲ್ವರೂ ರೊಕ್ಕ ಕೂಡಿಸಿ ಕೊಂಡ ಹಳೆಯ ಆಟಗಳ ಸಂಗ್ರಹದಲ್ಲಿ 1994ರ ಆವೃತ್ತಿ ಇದೆ. ಅದನ್ನು ಲ್ಯಾಪ್‌ಟಾಪ್‌ನಲ್ಲಿ ಆಡುತ್ತೇವೆ. ಹಿರಿಯ ವಿದ್ಯಾರ್ಥಿಯೊಬ್ಬರು ಬಿಟ್ಟುಹೋದ ಸೆಕೆಂಡ್ ಹ್ಯಾಂಡ್ ಎಕ್ಸ್‌ಬಾಕ್ಸ್ 360ರಲ್ಲಿ ರೀಮಿಕ್ಸ್ ಇದೆ. ಹೀಗಾಗಿ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲೇ ಇಟ್ಟು ನೋಡುವ ಅವಕಾಶ ನಮಗೆ ಸಿಕ್ಕಿದೆ.

ಬಣ್ಣ ಬದಲಾಯಿತು, ಲಯ ಬದಲಾಗಲಿಲ್ಲ

ಹಳೆಯ ಯಂತ್ರದ ಚಿತ್ರ 384 ಅಡ್ಡ ಚುಕ್ಕಿ, 224 ಉದ್ದ ಚುಕ್ಕಿಗಳದು. ಈಗಿನ ಟಿ.ವಿ.ಯಲ್ಲಿ ಅದನ್ನು ಹಿಗ್ಗಿಸಿದರೆ ಆಟಗಾರರ ಮುಖ ಇಟ್ಟಿಗೆ ಜೋಡಿಸಿದಂತೆ ಕಾಣುತ್ತದೆ. ರೀಮಿಕ್ಸ್‌ಗಾಗಿ ಕೆನಡಾದ ಯುಡಾನ್ ಎಂಬ ಕಾಮಿಕ್ಸ್ ಸಂಸ್ಥೆ ಪ್ರತಿಯೊಂದು ಚಿತ್ರವನ್ನೂ ಹೊಸದಾಗಿ ಬರೆಯಿತು. ಸಂಗೀತವನ್ನು ಹಳೆಯ ಗೇಮ್‌ಗಳ ಹಾಡುಗಳನ್ನು ಪ್ರೀತಿಯಿಂದ ಮರುಸಂಯೋಜಿಸುತ್ತಿದ್ದ ಅಭಿಮಾನಿಗಳ ಬಳಗವೇ ಮಾಡಿಕೊಟ್ಟಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಆಟ ಒಂದು ಸೆಕೆಂಡಿಗೆ 60 ಚಿತ್ರಗಳ ಲೆಕ್ಕದಲ್ಲಿ ಓಡುತ್ತದೆ. ಒಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡ್. ಯಾವ ಹೊಡೆತ ಎಷ್ಟನೆಯ ಚಿತ್ರಕ್ಕೆ ತಾಗುತ್ತದೆ, ಹೊಡೆದವನು ಎಷ್ಟು ಚಿತ್ರಗಳ ನಂತರ ಮತ್ತೆ ಕೈ ಎತ್ತಬಹುದು ಎಂಬುದು ಪಳಗಿದವರಿಗೆ ಬಾಯಿಪಾಠ. ಹೊಸ ಕಲಾವಿದರು ಚಲನೆ ಇನ್ನಷ್ಟು ನಯವಾಗಲಿ ಎಂದು ನಡುವೆ ಹೊಸ ಚಿತ್ರಗಳನ್ನು ತುರುಕಬಹುದಿತ್ತು. ತುರುಕಲಿಲ್ಲ. ಹಳೆಯದರಲ್ಲಿ ಒಂದು ಒದೆತಕ್ಕೆ ಎಷ್ಟು ಭಂಗಿಗಳಿದ್ದವೋ ಹೊಸದರಲ್ಲೂ ಅಷ್ಟೇ. ಇದರಿಂದ ಅಚ್ಚುಕಟ್ಟಾದ ಚಿತ್ರಗಳು ಕೊಂಚ ಬಿಗಿಯಾಗಿ ಕದಲಿದಂತೆ ಕಾಣುತ್ತವೆ, ನಿಜ. ಆದರೆ ಹದಿನಾಲ್ಕು ವರ್ಷ ಕೈಗೆ ಕೂತ ಲಯ ಕೆಡಲಿಲ್ಲ. ಅಂದ ಮತ್ತು ಲಯದ ನಡುವೆ ಒಂದನ್ನು ಆಯ್ದುಕೊಳ್ಳಬೇಕಾದಾಗ ಅವರು ಲಯವನ್ನು ಉಳಿಸಿಕೊಂಡರು.

ಒಂದು ಸುತ್ತಿನ ತಕರಾರು

ನಿಜವಾದ ಜಗಳ ಹುಟ್ಟಿದ್ದು ಬೇರೆ ಕಡೆ. ಆಟದಲ್ಲಿ ಜಾಂಗೀಫ್ ಎಂಬ ಸೋವಿಯತ್ ಪೈಲ್ವಾನ ಇದ್ದಾನೆ. ನಮ್ಮ ಕೋಣೆಯ ಇಂಡಿಯ ಗೆಳೆಯನಿಗೆ ಅವನೇ ಬೇಕು. ಎದುರಾಳಿಯನ್ನು ತಬ್ಬಿ, ಮೇಲಕ್ಕೆ ಹಾರಿ, ಗಿರಗಿರ ತಿರುಗಿ ನೆಲಕ್ಕೆ ಕುಕ್ಕುವುದು ಅವನ ದೊಡ್ಡ ಪಟ್ಟು. ಇದಕ್ಕೆ ಕೋಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಗುಂಡಿ ಒತ್ತಬೇಕು. ತೊಡಕು ಏನೆಂದರೆ, ಸುತ್ತಿನ ದಾರಿಯಲ್ಲಿ ‘ಮೇಲೆ’ ಎಂಬ ದಿಕ್ಕೂ ಬರುತ್ತದೆ. ‘ಮೇಲೆ’ ಎಂದರೆ ಜಿಗಿ ಎಂದು ಅರ್ಥ. ಹೊಸಬರು ಪಟ್ಟು ಹಾಕಲು ಹೋಗಿ ಸುಮ್ಮನೆ ಜಿಗಿದು, ಕೆಳಗಿಳಿಯುವಾಗ ಪೆಟ್ಟು ತಿನ್ನುತ್ತಾರೆ. ಕೀಬೋರ್ಡ್‌ನಲ್ಲಂತೂ ಇದು ಬೆರಳಿಗೆ ಶಿಕ್ಷೆ. ಒಂದೇ ಕೀಬೋರ್ಡ್ ಮೇಲೆ ಇಬ್ಬರು ಆಡಿದರೆ ಇನ್ನೊಂದು ಫಜೀತಿ. ಅಗ್ಗದ ಕೀಬೋರ್ಡ್‌ಗಳಲ್ಲಿ ಕೀಗಳನ್ನು ಅಡ್ಡ, ಉದ್ದ ತಂತಿಗಳ ಜಾಲದಲ್ಲಿ ಜೋಡಿಸಿರುತ್ತಾರೆ. ಹಲವು ಕೀ ಒಟ್ಟಿಗೆ ಒತ್ತಿದರೆ ಕೆಲವು ಲೆಕ್ಕಕ್ಕೇ ಸಿಗುವುದಿಲ್ಲ. ನಾನು ಒತ್ತಿದ್ದು ಗೆಳೆಯನ ಕೀಯನ್ನು ನುಂಗಿರುತ್ತದೆ!

ರೀಮಿಕ್ಸ್‌ನ ತಿದ್ದುಪಡಿಯ ಹೊಣೆ ಹೊತ್ತವರು ಡೇವಿಡ್ ಸರ್ಲಿನ್. ಸ್ವತಃ ಈ ಆಟದ ಸ್ಪರ್ಧೆಗಳಲ್ಲಿ ಆಡಿ ಪಳಗಿದವರು. ಅವರು ಪೂರ್ತಿ ಸುತ್ತನ್ನು ಅರ್ಧ ಸುತ್ತಿನ ಸುಲಭ ಚಲನೆಗೆ ಇಳಿಸಿದರು. ಹಾಗೆಯೇ ಇನ್ನೂ ಕೆಲವು ಪಾತ್ರಗಳ ಕಷ್ಟದ ಚಲನೆಗಳನ್ನು ಹಗುರ ಮಾಡಿದರು. ಅವರ ವಾದದ ಸಾರ ಇಷ್ಟು: ಈ ಆಟದ ಜೀವ ಇರುವುದು ಯಾವ ಪಟ್ಟನ್ನು ಯಾವಾಗ ಹಾಕಬೇಕು ಎಂಬ ನಿರ್ಧಾರದಲ್ಲಿ, ಬೆರಳು ತಿರುಚುವುದರಲ್ಲಿ ಅಲ್ಲ.

ಹಳಬರು ಸಿಟ್ಟಾದರು. ‘ನಾವು ವರ್ಷಗಟ್ಟಲೆ ಬೆವರು ಸುರಿಸಿ ಕಲಿತದ್ದನ್ನು ಇವರು ಪುಕ್ಕಟೆ ಹಂಚುತ್ತಿದ್ದಾರೆ’ ಎಂಬುದು ಅವರ ನೋವು. ಈ ನೋವನ್ನು ನಕ್ಕು ತಳ್ಳಿಹಾಕುವಂತಿಲ್ಲ. ಬೆರಳಿನ ತಾಲೀಮೂ ಒಂದು ತಾಲೀಮೇ. ಅದಕ್ಕಿಂತ ಗಟ್ಟಿಯಾದ ಆಕ್ಷೇಪವೂ ಇದೆ. ಪಟ್ಟು ಕಷ್ಟವಾಗಿದ್ದುದೇ ಅದರ ಬಲಕ್ಕೆ ತಕ್ಕಡಿಯ ಇನ್ನೊಂದು ತಟ್ಟೆ. ಕಷ್ಟವನ್ನು ತೆಗೆದರೆ ತಕ್ಕಡಿ ವಾಲುತ್ತದೆ. ಎಂಜಿನಿಯರಿಂಗ್ ಕಲಿಯುವವರು ಈ ಮಾತನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು. ಒಂದು ಕಡೆ ಸ್ಕ್ರೂ ಸಡಿಲಿಸಿದರೆ ಇನ್ನೊಂದು ಕಡೆ ಏನಾಯಿತು ಎಂದು ನೋಡಲೇಬೇಕು.

ಅದಕ್ಕೇ ಸರ್ಲಿನ್ ಬಾಗಿಲು ತೆರೆದು ಸುಮ್ಮನೆ ಕೂರಲಿಲ್ಲ; ಇಡೀ ಆಟದ ಸಮತೋಲನವನ್ನು ಮತ್ತೆ ತೂಗಿ ನೋಡಿದರು. ಬಲಿಷ್ಠರ ಕಾಲು ಮುರಿಯುವುದಕ್ಕಿಂತ ಹಿಂದುಳಿದ ಪಾತ್ರಗಳನ್ನು ಮೇಲೆತ್ತುವುದು ಅವರ ಮುಖ್ಯ ದಾರಿಯಾಗಿತ್ತು. ಹೊಸ ನಿಯಮ ಬೇಡವೆನ್ನುವವರಿಗೆ ಹಳೆಯ ನಿಯಮದಲ್ಲೇ ಆಡುವ ಆಯ್ಕೆಯನ್ನೂ ಒಳಗೇ ಇಟ್ಟರು. ಎಲ್ಲವೂ ಸರಿಹೋಯಿತು ಎಂದಲ್ಲ. ಅಕುಮಾ ಎಂಬ ಪಾತ್ರ ತಿದ್ದಿದ ನಂತರವೂ ಅತಿ ಬಲಶಾಲಿಯಾಗೇ ಉಳಿದು, ಸ್ಪರ್ಧೆಗಳಲ್ಲಿ ಅದನ್ನು ನಿಷೇಧಿಸಬೇಕಾಯಿತು. ಹಳಬರಲ್ಲಿ ಅನೇಕರು 1994ರ ಆವೃತ್ತಿಗೇ ಮರಳಿದರು. ಆದರೂ 2009ರಲ್ಲಿ ಅಮೆರಿಕದ ದೊಡ್ಡ ಸ್ಪರ್ಧೆ ‘ಎವೊ’ದಲ್ಲಿ ರೀಮಿಕ್ಸ್ ಕಣಕ್ಕಿಳಿಯಿತು.

ಆಗ ಎದ್ದ ಪ್ರಶ್ನೆ ಇನ್ನೂ ಮುಗಿದಿಲ್ಲ. 2023ರಲ್ಲಿ ಬಂದ ‘ಸ್ಟ್ರೀಟ್ ಫೈಟರ್ 6’ರಲ್ಲಿ ಒಂದೇ ಗುಂಡಿ ಒತ್ತಿ ದೊಡ್ಡ ಪಟ್ಟು ಹಾಕುವ ‘ಮಾಡರ್ನ್’ ವಿಧಾನವಿದೆ. ಆದರೆ ಹಾಗೆ ಹಾಕಿದ ಪಟ್ಟಿನ ಪೆಟ್ಟು ಶೇ 20ರಷ್ಟು ಕಡಿಮೆ. ಸುಲಭಕ್ಕೆ ಒಂದು ಬೆಲೆ, ಕಷ್ಟಕ್ಕೆ ಒಂದು ಬಹುಮಾನ. ಇಬ್ಬರೂ ಒಂದೇ ಅಖಾಡದಲ್ಲಿ ನಿಲ್ಲಬಹುದು. ನನಗಂತೂ ಇದು ನ್ಯಾಯವಾಗಿ ಕಾಣುತ್ತದೆ.

ಬಸವನ ಬಾಗೇವಾಡಿಯ ಗೆಳೆಯನ ಸೋದರಮಾವ ಒಂದು ಕಾಲಕ್ಕೆ ಕುಸ್ತಿ ಹಿಡಿದವರು. ನಮ್ಮ ಕೋಣೆಗೆ ಬಂದಾಗ ಜಾಂಗೀಫ್‌ನ ಕುಕ್ಕುವಿಕೆಯನ್ನು ಸ್ವಲ್ಪ ಹೊತ್ತು ನೋಡಿ, ‘ಈ ಪಟ್ಟಿಗೆ ಮರುಪಟ್ಟು ಐತೇನಪಾ?’ ಎಂದು ಕೇಳಿದರು. ‘ಐತ್ರಿ ಮಾವಾ. ದೂರ ನಿಂತ್ರ ಹಿಡಿಯಾಕ ಬರೂದಿಲ್ಲ. ಹಿಡಿಯೂಕಿಂತ ಮೊದ್ಲ ಜಿಗದ್ರ ತಪ್ಪಸ್ಕೋಬಹುದು’ ಎಂದ ಗೆಳೆಯ. ‘ಹಂಗಾದ್ರ ಇದು ಆಟ ಹೌದು ಬಿಡು’ ಎಂದು ಅವರು ಚಹಾ ಲೋಟ ಕೆಳಗಿಟ್ಟರು. ಚಲನೆ ಪೂರ್ತಿ ಸುತ್ತೋ ಅರ್ಧ ಸುತ್ತೋ ಎಂದು ಅವರು ಕೇಳಲಿಲ್ಲ. ಪಟ್ಟಿಗೆ ಮರುಪಟ್ಟು ಇದೆಯೇ ಎಂಬುದಷ್ಟೇ ಅವರಿಗೆ ಬೇಕಿತ್ತು.

ಬಾಗಿಲೇ ದೊಡ್ಡದು, ಒಳಗೆ ಅಖಾಡವೇ ಇಲ್ಲ

ಆ ಮಾತನ್ನು ಅಳತೆಗೋಲು ಮಾಡಿಕೊಂಡು ನಮ್ಮ ಊರುಗಳ ಹುಡುಗರ ಕೈಯಲ್ಲಿರುವ ಮೊಬೈಲ್‌ಗಳನ್ನು ನೋಡಿ. ರೊಕ್ಕ ಹಚ್ಚಿ ಆಡುವ ಆಟಗಳ ಬಾಗಿಲು ಜಗತ್ತಿನಲ್ಲೇ ಅತ್ಯಂತ ಅಗಲ. ಒಂದು ಬೆರಳು ಸಾಕು. ಮೊದಲ ಆಟಕ್ಕೆ ಅವರೇ ರೊಕ್ಕ ಕೊಡುತ್ತಾರೆ. ಒಳಗೆ ಹೋದ ಮೇಲೆ ಪಟ್ಟೂ ಇಲ್ಲ, ಮರುಪಟ್ಟೂ ಇಲ್ಲ. ಸೋತವನಿಗೆ ತಾನು ಯಾಕೆ ಸೋತೆ ಎಂದು ತಿಳಿಯುವುದಿಲ್ಲ, ಆದ್ದರಿಂದ ಕಲಿಯುವುದೂ ಇಲ್ಲ. ಕಳೆದದ್ದನ್ನು ಗಳಿಸಲು ಮತ್ತೆ ಹಚ್ಚುತ್ತಾನೆ. ಕೈಗಡ ಎಂದು ಶುರುವಾಗಿ ಮನೆ ಮಂದಿ ತಲೆ ತಗ್ಗಿಸುವ ತನಕ ಹೋದ ಕಥೆ ನಮ್ಮ ಭಾಗದಲ್ಲಿ ಯಾರಿಗೆ ಗೊತ್ತಿಲ್ಲ?

ಅದಕ್ಕೇ ಅಪ್ಪ, ಅವ್ವಂದಿರಿಗೆ ‘ಗೇಮ್’ ಎಂಬ ಶಬ್ದವೇ ಕಹಿಯಾಗಿದೆ. ಅವರನ್ನು ದೂರುವಂತಿಲ್ಲ. ನಮ್ಮಪ್ಪ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆಯೂ ಅದೇ: ‘ರೊಕ್ಕ ಹಚ್ಚೂದು ಐತೇನು ಅದರಾಗ?’ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಈ ಎರಡರ ನಡುವೆ ಗೆರೆ ಎಳೆದಿದೆ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ನೀಡಿದೆ. ಆದರೆ ದಿಲ್ಲಿಯಲ್ಲಿ ಎಳೆದ ಗೆರೆ ನಮ್ಮ ಓಣಿಯಲ್ಲಿ ಕಾಣಬೇಕಾದರೆ ಹುಡುಗರ ಕೈಗೆ ಒಳ್ಳೆಯ ಆಟವೊಂದು ಸಿಗಬೇಕು. ಕೆಟ್ಟದ್ದನ್ನು ಕಸಿದುಕೊಂಡು ಕೈ ಖಾಲಿ ಬಿಟ್ಟರೆ ಆ ಕೈ ಮತ್ತೊಂದು ಕೆಟ್ಟದ್ದನ್ನು ಹುಡುಕುತ್ತದೆ.

ಹೊಡೆದಾಟದ ಗೇಮ್ ಕಂಪನಿಗಳೂ ವ್ಯಾಪಾರವನ್ನೇ ಮಾಡುತ್ತವೆ, ಧರ್ಮಛತ್ರ ನಡೆಸುವುದಿಲ್ಲ. ಈಗಿನ ಆವೃತ್ತಿಗಳಲ್ಲಿ ಹೊಸ ಪಾತ್ರ ಬೇಕೆಂದರೆ ಮತ್ತೆ ರೊಕ್ಕ ಕೊಡಬೇಕು. ಈ ವಿಷಯದಲ್ಲಿ ಹಳೆಯ ಆವೃತ್ತಿಯೇ ಮೇಲು. ಒಮ್ಮೆ ಕೊಂಡರೆ ಮುಗಿಯಿತು. ಶ್ರೀಮಂತನ ಜಾಂಗೀಫ್, ಬಡವನ ಜಾಂಗೀಫ್ ಎಂದು ಎರಡಿಲ್ಲ.

ಹಾಂಗ್‌ಝೌನಲ್ಲಿ ಗೆದ್ದ 44ರ ಹರೆಯ

2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್ ಮೊದಲ ಬಾರಿಗೆ ಪದಕದ ಸ್ಪರ್ಧೆಯಾಯಿತು. ಅದರಲ್ಲಿ ‘ಸ್ಟ್ರೀಟ್ ಫೈಟರ್ 5: ಚಾಂಪಿಯನ್ ಎಡಿಷನ್’ ಕೂಡ ಇತ್ತು. ಹೆಸರೇ ಹೇಳುವಂತೆ ಅದೂ ತಿದ್ದಿದ ಆವೃತ್ತಿಯೇ. ಚಿನ್ನ ಗೆದ್ದವರು ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ. ಆಗ ಅವರಿಗೆ 44 ವರ್ಷ. ‘ಇದು ಚಿಕ್ಕ ಹುಡುಗರ ಹುಚ್ಚು’ ಎನ್ನುವವರು ಈ ಸಂಖ್ಯೆಯನ್ನು ಇನ್ನೊಮ್ಮೆ ಓದಲಿ. ಭಾರತದಿಂದ ಮಯಂಕ್ ಪ್ರಜಾಪತಿ ಮತ್ತು ಅಯನ್ ಬಿಸ್ವಾಸ್ ಆಡಿದ್ದರು. ಪದಕ ಬರಲಿಲ್ಲ.

ಇಲ್ಲಿ ನನಗೆ ನೆನಪಾಗುವುದು ಕುಸ್ತಿಪಟು ಖಾಶಾಬಾ ಜಾಧವ್. ಮಣ್ಣಿನ ಅಖಾಡದಲ್ಲಿ ಬೆಳೆದ ಅವರು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆರನೆಯವರಾದರು. ಮ್ಯಾಟ್ ಅವರಿಗೆ ಹೊಸದಾಗಿತ್ತು. ನಾಲ್ಕು ವರ್ಷಗಳ ನಂತರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಕಸುವು, ಪಟ್ಟು ಅವರಲ್ಲಿ ಮೊದಲೇ ಇದ್ದವು. ಕಾಲಿಗೆ ಹೊಸ ನೆಲದ ಪರಿಚಯ ಬೇಕಿತ್ತು, ಅಷ್ಟೇ. ನಮ್ಮ ತಾಲ್ಲೂಕುಗಳ ಮಕ್ಕಳಿಗೂ ಬೇಕಾಗಿರುವುದು ಇಂಥ ಪರಿಚಯ. ಮುದ್ದೇಬಿಹಾಳದ ನಮ್ಮ ಗೆಳೆಯ ಕಾಲೇಜಿಗೆ ಬರುವ ತನಕ ಗೇಮ್ ಕಂಟ್ರೋಲರ್ ಮುಟ್ಟಿದವನಲ್ಲ. ಈಗ ಮೂವರನ್ನೂ ಸಾಲಾಗಿ ಕೆಡವುತ್ತಾನೆ.

ದೂರದ ತೊಂದರೆಗೂ ಈ ಆಟದ ಲೋಕ ಒಂದು ಉಪಾಯ ಹುಡುಕಿಕೊಂಡಿದೆ. 2006ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಬಂದ ಸ್ಟ್ರೀಟ್ ಫೈಟರ್ 2 ಆನ್‌ಲೈನ್‌ನಲ್ಲಿ ತಡವರಿಸುತ್ತಿತ್ತು. ಅದರಿಂದ ಬೇಸತ್ತ ಟೋನಿ ಕ್ಯಾನನ್ ಎಂಬ ಪ್ರೋಗ್ರಾಮರ್ ‘ರೋಲ್‌ಬ್ಯಾಕ್’ ವಿಧಾನದ ಒಂದು ತಂತ್ರಾಂಶ ಬರೆದರು. ಎದುರಾಳಿ ಒತ್ತಿದ ಗುಂಡಿಯ ಸುದ್ದಿ ಬರುವ ತನಕ ಯಂತ್ರ ಕಾಯುತ್ತ ಕೂರುವುದಿಲ್ಲ. ಆತ ಈವರೆಗೆ ಮಾಡುತ್ತಿದ್ದುದನ್ನೇ ಮುಂದುವರಿಸಿದ್ದಾನೆ ಎಂದು ಊಹಿಸಿ ಆಟ ಓಡಿಸುತ್ತದೆ. ಊಹೆ ತಪ್ಪಾದರೆ ಕಣ್ಣಿಗೆ ಕಾಣದಷ್ಟು ಬೇಗ ಕೆಲವು ಚಿತ್ರ ಹಿಂದೆ ಹೋಗಿ ಸರಿಪಡಿಸಿಕೊಂಡು ಬರುತ್ತದೆ. 2019ರಲ್ಲಿ ಅವರು ಆ ತಂತ್ರಾಂಶವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ನೆಟ್‌ವರ್ಕ್ ಆಗಾಗ ಕೈಕೊಡುವ ಊರಿನವರಿಗೆ ಇಂಥ ಜಾಣ್ಮೆಯ ಬೆಲೆ ಚೆನ್ನಾಗಿ ಗೊತ್ತು. ಇದೂ ಬಾಗಿಲು ಅಗಲ ಮಾಡುವ ಕೆಲಸವೇ. ಅಖಾಡದ ಒಂದು ನಿಯಮವನ್ನೂ ಅದು ಮುಟ್ಟಲಿಲ್ಲ.

ಇದೇ ಮಾತು ತರಗತಿಗೂ

ಹತ್ತನೆಯ ತರಗತಿಯ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್‌ಗೆ ಬಂದವರ ಮೊದಲ ಸೆಮಿಸ್ಟರ್ ಹೇಗಿರುತ್ತದೆ ಎಂದು ಬಂದವರನ್ನೇ ಕೇಳಿ. ಲೆಕ್ಕ ಗೊತ್ತಿರುತ್ತದೆ, ಪ್ರಶ್ನೆಯ ಇಂಗ್ಲಿಷ್ ಅರ್ಥವಾಗುವುದಿಲ್ಲ. ಪಟ್ಟು ಗೊತ್ತಿದ್ದೂ ಸುತ್ತು ತಿರುಗಿಸಲಾಗದೆ ಸುಮ್ಮನೆ ಜಿಗಿಯುವ ಜಾಂಗೀಫ್ ಸ್ಥಿತಿ ಅದು. 2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅವಕಾಶ ಕೊಟ್ಟಾಗ ‘ಮಟ್ಟ ಕುಸಿಯುತ್ತದೆ’ ಎಂಬ ಮಾತು ಕೇಳಿಬಂತು. ರೀಮಿಕ್ಸ್ ಬಂದಾಗ ಹಳಬರು ಆಡಿದ ಮಾತೂ ಇದೇ. ಉತ್ತರವೂ ಅದೇ: ಭಾಷೆಯನ್ನು ಹತ್ತಿರ ತನ್ನಿ, ಲೆಕ್ಕವನ್ನು ಸಡಿಲಿಸಬೇಡಿ. ಪಾಸಾಗಲು ಬೇಕಾದ ಅಂಕ ಇಳಿಸುವುದು ಬೇರೆ, ಪ್ರಶ್ನೆ ತಿಳಿಯುವಂತೆ ಕೇಳುವುದು ಬೇರೆ.

ಬಾಗೇವಾಡಿಯ ನೆಲದವರಿಗೆ ಇದು ಹೊಸ ಪಾಠವೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೂ ಅವರ ಜೊತೆಯವರೂ ದೊಡ್ಡ ವಿಚಾರಗಳನ್ನು ಜನ ಆಡುವ ಕನ್ನಡಕ್ಕೆ ತಂದರು. ಮಡಿವಾಳರು, ಅಂಬಿಗರು, ಹೆಣ್ಣುಮಕ್ಕಳು ಒಳಗೆ ಬಂದು ಸರಿಸಮನಾಗಿ ಮಾತಾಡಿದರು. ವಿಚಾರ ತೆಳುವಾಗಲಿಲ್ಲ, ಇನ್ನಷ್ಟು ಹರಿತವಾಯಿತು.

ಮಾಡಬಹುದಾದದ್ದು

ದೊಡ್ಡ ಯೋಜನೆ, ಅನುದಾನ ಏನೂ ಬೇಡ. ನಮ್ಮ ಭಾಗದ ಕಾಲೇಜು ಹಬ್ಬಗಳಲ್ಲಿ ಕ್ರಿಕೆಟ್, ರಂಗೋಲಿ, ರಸಪ್ರಶ್ನೆಯ ಪಕ್ಕದಲ್ಲಿ ಒಂದು ಮೇಜು ಕೊಡಿ. ಒಂದು ಹಳೆಯ ಕಂಪ್ಯೂಟರ್, ಎರಡು ಕಂಟ್ರೋಲರ್, ಹಕ್ಕಿನಿಂದ ಕೊಂಡ ಒಂದು ಹಳೆಯ ಆಟ ಸಾಕು. ಎದುರುಬದುರು ಕೂತು ಆಡುವುದರಿಂದ ಇಂಟರ್‌ನೆಟ್ ಕೂಡ ಬೇಡ. ಪ್ರವೇಶ ಶುಲ್ಕ ಬೇಡ, ನಗದು ಬಹುಮಾನವೂ ಬೇಡ. ಗೆದ್ದವರಿಗೆ ಚಪ್ಪಾಳೆ ಇರಲಿ. ಹುಡುಗಿಯರಿಗೆ ಬೇರೆ ಮೇಜು ಹಾಕಬೇಡಿ. ಈ ಅಖಾಡದಲ್ಲಿ ತೂಕದ ವರ್ಗ ಇಲ್ಲ, ಎಲ್ಲರಿಗೂ ಒಂದೇ ಕಣ. ಪಟ್ಟು, ಮರುಪಟ್ಟುಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ. ಆ ಕೆಲಸವನ್ನು ನಮ್ಮಂಥ ವಿದ್ಯಾರ್ಥಿಗಳೇ ಮಾಡಿಕೊಡುತ್ತೇವೆ.

ತಂದೆ ತಾಯಂದಿರಲ್ಲಿ ಒಂದು ವಿನಂತಿ. ಮಗ ಅಥವಾ ಮಗಳು ಯಾವುದೋ ಆಟದಲ್ಲಿ ಮುಳುಗಿರುವುದು ಕಂಡರೆ ಮೊಬೈಲ್ ಕಸಿದುಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿ. ಇದರಲ್ಲಿ ರೊಕ್ಕ ಹಚ್ಚುವುದಿದೆಯೇ? ರೊಕ್ಕ ಕೊಟ್ಟವರಿಗೆ ಬಲ ಹೆಚ್ಚುತ್ತದೆಯೇ? ಸೋತಾಗ ಯಾಕೆ ಸೋತೆ ಎಂದು ನಿನಗೆ ತಿಳಿಯುತ್ತದೆಯೇ? ಮೊದಲ ಎರಡಕ್ಕೆ ‘ಹೌದು’ ಎಂದರೆ ಖಂಡಿತ ಕಸಿದುಕೊಳ್ಳಿ. ಮೊದಲೆರಡಕ್ಕೆ ‘ಇಲ್ಲ’, ಮೂರನೆಯದಕ್ಕೆ ‘ಹೌದು’ ಎಂದರೆ ಪಕ್ಕದಲ್ಲಿ ಕೂತು ಒಂದು ಸುತ್ತು ಆಡಿ ನೋಡಿ. ಸೋಲುತ್ತೀರಿ. ಆದರೆ ಯಾಕೆ ಸೋತಿರಿ ಎಂದು ನಿಮ್ಮ ಮಕ್ಕಳು ಬಿಡಿಸಿ ಹೇಳುತ್ತಾರೆ.